ಬಿಡಿಭಾಗ ಕೊಳ್ಳುವ ಮುನ್ನ ಪಟ್ಟಿಯನ್ನು ಜೋಡಿಸಿ



ಪರೀಕ್ಷೆಗಳು ಮುಗಿಯುವ ಹೊತ್ತಿಗೆ ಕಂಪ್ಯೂಟರ್ ಲ್ಯಾಬ್‌ನ ಬಾಗಿಲಲ್ಲಿ ನಾನು ಪ್ರತಿ ವರ್ಷ ಕೇಳುವ ಪ್ರಶ್ನೆ ಒಂದಿದೆ: "ಸರ್, ಬಿಡಿಭಾಗ ತಂದು ಮನೆಯಲ್ಲೇ ಕಂಪ್ಯೂಟರ್ ಜೋಡಿಸಬಹುದೇ?" ಜೋಡಿಸಬಹುದು. ಒಂದು ಸ್ಕ್ರೂಡ್ರೈವರ್, ಒಂದು ಮೇಜು, ಒಂದು ಮಧ್ಯಾಹ್ನದ ತಾಳ್ಮೆ ಇದ್ದರೆ ಸಾಕು. ನಿಜವಾದ ಕೆಲಸ ಅದಕ್ಕಿಂತ ಮೊದಲೇ, ಕಾಗದದ ಮೇಲೆ ನಡೆಯಬೇಕು. ಅಂಗಡಿಯ ಗಾಜಿನ ಕಪಾಟಿನಲ್ಲಿ ಒಂದೊಂದಾಗಿ ನೋಡಿದರೆ ಎಲ್ಲವೂ ಒಳ್ಳೆಯ ಭಾಗಗಳೇ. ಅವು ಒಂದಕ್ಕೊಂದು ಹೊಂದುತ್ತವೆಯೇ ಎಂಬುದನ್ನು ಮಾತ್ರ ಯಾವ ಡಬ್ಬಿಯೂ ಪೂರ್ತಿಯಾಗಿ ಹೇಳುವುದಿಲ್ಲ.

ಇದು ಹಣದ ವಿಷಯವೂ ಹೌದು. ಭಾಗ ಕೆಟ್ಟಿದ್ದರೆ ವಾರಂಟಿ ಇದೆ, ಹೊಂದದಿದ್ದರೆ ವಾರಂಟಿ ಇಲ್ಲ. ಸೀಲ್ ಒಡೆದ ಮದರ್‌ಬೋರ್ಡನ್ನು "ನನ್ನ ಪ್ರೊಸೆಸರಿಗೆ ಆಗಲಿಲ್ಲ" ಎಂದು ಹಿಂತಿರುಗಿಸಲು ಹೋದರೆ ಬಹಳಷ್ಟು ಅಂಗಡಿಗಳು ಒಪ್ಪುವುದಿಲ್ಲ. ನಮ್ಮಲ್ಲಿ ಹೆಚ್ಚಿನವರ ಮನೆಯಲ್ಲಿ ಆ ಹಣ ಎರಡನೇ ಸಲ ಹುಟ್ಟುವುದೂ ಇಲ್ಲ.

ಹೊಂದಾಣಿಕೆ ಎಲ್ಲಿಂದ ಬಂತು

ಬೇರೆ ಬೇರೆ ಕಂಪನಿಗಳು ಮಾಡಿದ ಭಾಗಗಳು ಒಂದೇ ಪೆಟ್ಟಿಗೆಯಲ್ಲಿ ಕೆಲಸ ಮಾಡುವುದು ತಾನಾಗಿ ಆದದ್ದಲ್ಲ. 1981ರಲ್ಲಿ ಬಂದ ಐಬಿಎಂ ಪಿಸಿ ತನ್ನ ಒಳರಚನೆಯನ್ನು ಇತರ ತಯಾರಕರಿಗೂ ತೆರೆದಿಟ್ಟಿತು. 1995ರಲ್ಲಿ ಇಂಟೆಲ್ ಪ್ರಕಟಿಸಿದ ಎಟಿಎಕ್ಸ್ ಮಾನದಂಡವು ಬೋರ್ಡಿನ ಅಳತೆ, ಸ್ಕ್ರೂ ತೂತುಗಳ ಜಾಗ, ವಿದ್ಯುತ್ ಕನೆಕ್ಟರ್ ಇವನ್ನು ಗೊತ್ತುಮಾಡಿತು. ಮೆಮೊರಿಯ ಮಾನದಂಡಗಳನ್ನು ಜೆಡೆಕ್ ಎಂಬ ಸಂಸ್ಥೆ ರೂಪಿಸುತ್ತದೆ. ಹೀಗೆ ಪ್ರತಿಯೊಂದು ಸಾಕೆಟ್, ಸ್ಲಾಟ್, ವೈರಿನ ಹಿಂದೆ ಒಂದು ಬರಹದ ಒಪ್ಪಂದವಿದೆ. ಎರಡು ಭಾಗಗಳು ಒಂದೇ ಒಪ್ಪಂದಕ್ಕೆ ಸಹಿ ಹಾಕಿವೆಯೇ ಎಂದು ಓದಿ ನೋಡುವುದೇ ನಮ್ಮ ಕೆಲಸ.

ಹೊಂದಾಣಿಕೆ ತಪ್ಪುವುದರಲ್ಲಿ ಮೂರು ಬಗೆ ಇವೆ. ಒಂದು, ಭಾಗ ಕೂರುವುದೇ ಇಲ್ಲ. ಎರಡು, ಕೂರುತ್ತದೆ, ಆದರೆ ಕೆಲಸ ಮಾಡುವುದಿಲ್ಲ. ಮೂರು, ಕೆಲಸ ಮಾಡುತ್ತದೆ, ಆದರೆ ಕೊಟ್ಟ ಹಣದಷ್ಟು ಮಾಡುವುದಿಲ್ಲ. ಮೊದಲನೆಯದು ಕಣ್ಣಿಗೆ ಕಾಣುತ್ತದೆ. ಎರಡನೆಯದು ಸ್ವಿಚ್ ಒತ್ತಿದಾಗ ತಿಳಿಯುತ್ತದೆ. ಮೂರನೆಯದು ವರ್ಷಗಟ್ಟಲೆ ತಿಳಿಯದೆಯೂ ಹೋಗಬಹುದು.

ಒಂದು ನಿಜವಾದ ಪಟ್ಟಿ

ಉದಾಹರಣೆಗೆ, ಪಿಸಿಎಂಸಿ ಓದುವ ಒಬ್ಬ ವಿದ್ಯಾರ್ಥಿನಿ ಕಳೆದ ಸಲ ನನಗೆ ತೋರಿಸಿದ ಪಟ್ಟಿಯನ್ನೇ ನೋಡೋಣ. ಅವಳು ಒಪ್ಪಿಗೆ ಕೊಟ್ಟ ಮೇಲೆಯೇ ಇಲ್ಲಿ ಬರೆಯುತ್ತಿದ್ದೇನೆ. ಹಣದಲ್ಲಿ ಒಂದು ಪಾಲು ಅವಳ ಅಮ್ಮ ಹೊಲಿಗೆಯಿಂದ ಉಳಿಸಿ ಕಟ್ಟಿದ ಚೀಟಿಯದು, ಉಳಿದದ್ದು ಎರಡು ಮೂರು ಹಬ್ಬಗಳ ಈದಿ. ಬೇಕಿದ್ದದ್ದು ಪ್ರೋಗ್ರಾಮಿಂಗ್ ಕಲಿಯಲು, ಸಿಇಟಿಗೆ ಪಾಠಗಳನ್ನು ನೋಡಲು, ಅಮ್ಮನ ಲೆಕ್ಕಪತ್ರ ಬರೆಯಲು ಒಂದು ಕಂಪ್ಯೂಟರ್. ಪಟ್ಟಿ ಹೀಗಿತ್ತು:

1. ಇಂಟೆಲ್ ಕೋರ್ ಐ3-12100ಎಫ್ ಪ್ರೊಸೆಸರ್
2. ಎಚ್610 ಚಿಪ್‌ಸೆಟ್‌ನ ಮೈಕ್ರೊ ಎಟಿಎಕ್ಸ್ ಮದರ್‌ಬೋರ್ಡ್, ಡಿಡಿಆರ್4 ಮಾದರಿ
3. 16 ಜಿಬಿಯ ಒಂದು ಡಿಡಿಆರ್5 ಮೆಮೊರಿ ಕಡ್ಡಿ
4. 500 ಜಿಬಿಯ ಎಂ.2 ಸಾಟಾ ಎಸ್‌ಎಸ್‌ಡಿ
5. ಮನೆಯಲ್ಲಿದ್ದ ಹಳೆಯ ಕ್ಯಾಬಿನೆಟ್, ಅದರೊಳಗಿನ ಎಸ್‌ಎಂಪಿಎಸ್, ವಿಜಿಎ ಮಾನಿಟರ್

ಒಂದೂ ಕಳಪೆ ವಸ್ತುವಲ್ಲ. ಹೀಗೇ ತಂದಿದ್ದರೆ ಕಂಪ್ಯೂಟರ್ ಮಾತ್ರ ಓಡುತ್ತಿರಲಿಲ್ಲ. ಏಕೆ ಎಂದು ಒಂದೊಂದಾಗಿ ನೋಡೋಣ.

ಪ್ರೊಸೆಸರ್ ಮತ್ತು ಮದರ್‌ಬೋರ್ಡ್

ಮೊದಲು ನೋಡಬೇಕಾದದ್ದು ಸಾಕೆಟ್. ಇಂಟೆಲ್‌ನ 12, 13, 14ನೇ ತಲೆಮಾರಿನ ಕೋರ್ ಡೆಸ್ಕ್‌ಟಾಪ್ ಪ್ರೊಸೆಸರುಗಳು ಎಲ್‌ಜಿಎ 1700 ಸಾಕೆಟ್ಟಿನವು. 10 ಮತ್ತು 11ನೇ ತಲೆಮಾರಿನವು ಎಲ್‌ಜಿಎ 1200. ಆ ಸಂಖ್ಯೆ ಸಾಕೆಟ್ಟಿನ ಸಂಪರ್ಕ ಬಿಂದುಗಳ ಎಣಿಕೆ. ಎಎಂಡಿಯಲ್ಲಿ ರೈಜೆನ್ 5000 ಸರಣಿಯವರೆಗೆ ಎಎಂ4, 2022ರಲ್ಲಿ ಬಂದ ರೈಜೆನ್ 7000 ಸರಣಿಯಿಂದ ಎಎಂ5. ಐ3-12100ಎಫ್ ಮತ್ತು ಎಚ್610 ಎರಡೂ ಎಲ್‌ಜಿಎ 1700ಕ್ಕೆ ಸೇರಿದವು. ಪಟ್ಟಿಯ ಮೊದಲ ಜೋಡಿ ಸರಿಯಾಗಿತ್ತು.

ಸಾಕೆಟ್ ಒಂದೇ ಆದರೆ ಸಾಕು ಎಂದುಕೊಳ್ಳಬೇಡಿ. ಎಲ್‌ಜಿಎ 1151 ಎಂಬ ಒಂದೇ ಹೆಸರಿನ ಸಾಕೆಟ್ 6, 7ನೇ ತಲೆಮಾರಿಗೂ ಇತ್ತು, 8, 9ನೇ ತಲೆಮಾರಿಗೂ ಇತ್ತು. ಆದರೆ 8ನೇ ತಲೆಮಾರಿಗೆ 300 ಸರಣಿಯ ಚಿಪ್‌ಸೆಟ್ ಬೇಕಾಯಿತು. ಹಳೆಯ ಬೋರ್ಡಿನಲ್ಲಿ ಅದು ಕೂರುತ್ತದೆ, ಓಡುವುದಿಲ್ಲ. ಇದು ಎರಡನೇ ಬಗೆಯ ತೊಂದರೆ. ಬಯೋಸ್ ಕೂಡ ಹಾಗೆಯೇ. 2018ರಲ್ಲಿ ಬಂದ ಬಿ450 ಬೋರ್ಡು 2020ರ ಕೊನೆಗೆ ಬಂದ ರೈಜೆನ್ 5000 ಪ್ರೊಸೆಸರನ್ನು ಗುರುತಿಸಬೇಕಾದರೆ ಬಯೋಸ್ ನವೀಕರಿಸಿರಬೇಕು. 12ನೇ ತಲೆಮಾರಿನೊಂದಿಗೆ ಬಂದ ಎಚ್610 ಬೋರ್ಡಿಗೆ 13ನೇ ತಲೆಮಾರಿನ ಪ್ರೊಸೆಸರ್ ಹಾಕುವಾಗಲೂ ಇದೇ ಮಾತು. ಹಳೆಯ ಪ್ರೊಸೆಸರ್ ಕೈಯಲ್ಲಿಲ್ಲದಿದ್ದರೆ ಬಯೋಸ್ ನವೀಕರಿಸುವುದು ಎಲ್ಲ ಬೋರ್ಡುಗಳಲ್ಲಿ ಸಾಧ್ಯವಿಲ್ಲ. ಆದ್ದರಿಂದ ತಯಾರಕರ ಜಾಲತಾಣದಲ್ಲಿ ಆ ಬೋರ್ಡಿನ ಪುಟ ತೆರೆದು, ಅದು ಬೆಂಬಲಿಸುವ ಪ್ರೊಸೆಸರುಗಳ ಪಟ್ಟಿಯಲ್ಲಿ ನಿಮ್ಮದು ಇದೆಯೇ, ಯಾವ ಬಯೋಸ್ ಆವೃತ್ತಿಯಿಂದ ಇದೆ ಎಂದು ನೋಡಿ. ಐದು ನಿಮಿಷದ ಕೆಲಸ ಇದು.

ಹೆಸರಿನ ಕೊನೆಯ ಅಕ್ಷರ

ಐ3-12100ಎಫ್‌ನ ಕೊನೆಯಲ್ಲಿರುವ 'ಎಫ್' ಅಲಂಕಾರಕ್ಕಲ್ಲ. ಇಂಟೆಲ್ ಪ್ರೊಸೆಸರುಗಳಲ್ಲಿ ಆ ಅಕ್ಷರವಿದ್ದರೆ ಒಳಗೆ ಗ್ರಾಫಿಕ್ಸ್ ಇಲ್ಲ ಎಂದರ್ಥ. ಬೋರ್ಡಿನ ಹಿಂದೆ ಎಚ್‌ಡಿಎಂಐ, ವಿಜಿಎ ಕಿಂಡಿಗಳು ಇದ್ದೇ ಇರುತ್ತವೆ. ಆದರೆ ಅವುಗಳಿಗೆ ಚಿತ್ರ ಕಳಿಸುವವರು ಯಾರೂ ಇಲ್ಲ. ಬೇರೆ ಗ್ರಾಫಿಕ್ಸ್ ಕಾರ್ಡ್ ಇಲ್ಲದಿದ್ದರೆ ಮಾನಿಟರ್ ಕಪ್ಪಾಗಿಯೇ ಉಳಿಯುತ್ತದೆ. ಎಎಂಡಿಯಲ್ಲಿ ರೈಜೆನ್ 5 5600ಕ್ಕೆ ಒಳಗಿನ ಗ್ರಾಫಿಕ್ಸ್ ಇಲ್ಲ, ರೈಜೆನ್ 5 5600ಜಿಗೆ ಇದೆ.

ವಿದ್ಯಾರ್ಥಿನಿ 'ಎಫ್' ಆರಿಸಿದ್ದು ಬೆಲೆ ತುಸು ಕಡಿಮೆ ಎಂದು. ಹಾಗೆ ಉಳಿಯುವ ಹಣಕ್ಕಿಂತ ಗ್ರಾಫಿಕ್ಸ್ ಕಾರ್ಡಿಗೆ ತೆರುವ ಹಣ ಹಲವು ಪಟ್ಟು. ದುಂದು ಎಂದರೆ ದುಬಾರಿ ವಸ್ತು ಕೊಳ್ಳುವುದು ಎಂದಷ್ಟೇ ನಾವು ತಿಳಿಯುತ್ತೇವೆ. ಅಗ್ಗಕ್ಕೆ ತಂದು ಬಳಕೆಗೆ ಬಾರದೆ ಉಳಿದ ವಸ್ತುವೂ ಇಸ್ರಾಫೇ. 'ಎಫ್' ಇಲ್ಲದ ಐ3-12100ರಲ್ಲಿ ಅದೇ ನಾಲ್ಕು ಕೋರ್, ಎಂಟು ಥ್ರೆಡ್‌ಗಳ ಜೊತೆಗೆ ಯುಎಚ್‌ಡಿ 730 ಗ್ರಾಫಿಕ್ಸ್ ಇದೆ. ಅವಳ ಕೆಲಸಗಳಿಗೆ ಅದು ಧಾರಾಳ.

ಕೊಳ್ಳುವಾಗ ಇನ್ನೊಂದು ಮಾತು. ಡಬ್ಬಿಯಲ್ಲಿ ಬರುವ ಐ3-12100ರ ಜೊತೆ ಫ್ಯಾನ್ ಬರುತ್ತದೆ. 'ಟ್ರೇ' ಎಂದು ಬಿಡಿಯಾಗಿ ಮಾರುವುದರಲ್ಲಿ ಫ್ಯಾನ್ ಇರುವುದಿಲ್ಲ. ಎಲ್‌ಜಿಎ 1200ರ ಹಳೆಯ ಫ್ಯಾನ್ ಇದಕ್ಕೆ ನೇರವಾಗಿ ಕೂರದು. ಬೋರ್ಡಿನ ತೂತುಗಳ ನಡುವಿನ ಅಂತರ ಅಲ್ಲಿ 75 ಮಿಲಿಮೀಟರ್, ಇಲ್ಲಿ 78.

ಮೆಮೊರಿ

ಡಿಡಿಆರ್4 ಮತ್ತು ಡಿಡಿಆರ್5 ಎರಡರಲ್ಲೂ 288 ಪಿನ್‌ಗಳಿವೆ, ಉದ್ದವೂ ಒಂದೇ. ಆದರೆ ಕೆಳ ಅಂಚಿನ ಕಚ್ಚು ಬೇರೆ ಜಾಗದಲ್ಲಿದೆ. ಒಂದರ ಸ್ಲಾಟಿನಲ್ಲಿ ಇನ್ನೊಂದು ಕೂರಬಾರದೆಂದೇ ಹಾಗೆ ಮಾಡಿದ್ದಾರೆ, ಏಕೆಂದರೆ ವೋಲ್ಟೇಜೂ ಸಂಕೇತಗಳ ವಿನ್ಯಾಸವೂ ಬೇರೆ. ಇದು ಮೊದಲ ಬಗೆ. ಕೂರದಿದ್ದರೆ ಬಲ ಹಾಕಬೇಡಿ. 12ನೇ ತಲೆಮಾರಿನ ಇಂಟೆಲ್ ಪ್ರೊಸೆಸರ್ ಎರಡನ್ನೂ ಬಲ್ಲದು. ನಿರ್ಧರಿಸುವುದು ಬೋರ್ಡು, ಒಂದು ಬೋರ್ಡಿನಲ್ಲಿ ಸಾಮಾನ್ಯವಾಗಿ ಒಂದೇ ಬಗೆ. ಎಎಂ4ರಲ್ಲಿ ಡಿಡಿಆರ್4 ಮಾತ್ರ, ಎಎಂ5ರಲ್ಲಿ ಡಿಡಿಆರ್5 ಮಾತ್ರ.

ಈಗ ಕಡ್ಡಿಗಳ ಸಂಖ್ಯೆಗೆ ಬರೋಣ. ಡಿಡಿಆರ್4-3200 ಎಂದರೆ ಸೆಕೆಂಡಿಗೆ 3200 ದಶಲಕ್ಷ ವರ್ಗಾವಣೆ. ಪ್ರತಿ ಸಲಕ್ಕೆ 8 ಬೈಟ್. ಗುಣಿಸಿದರೆ ಸೆಕೆಂಡಿಗೆ 25.6 ಜಿಬಿ. ಎರಡು ಚಾನೆಲ್‌ಗಳಲ್ಲಿ ಒಂದೊಂದು ಕಡ್ಡಿ ಇಟ್ಟರೆ 51.2 ಜಿಬಿ. ಒಳಗಿನ ಗ್ರಾಫಿಕ್ಸ್‌ಗೆ ಸ್ವಂತ ಮೆಮೊರಿ ಇಲ್ಲ, ಇದರಲ್ಲೇ ಪಾಲು ಕೇಳುತ್ತದೆ. ಹಾಗಾಗಿ 16 ಜಿಬಿಯ ಒಂದು ಕಡ್ಡಿಗಿಂತ 8 ಜಿಬಿಯ ಎರಡು ಉತ್ತಮ. ಒಂದೇ ಇಟ್ಟರೂ ಕಂಪ್ಯೂಟರ್ ಓಡುತ್ತದೆ, ಅರ್ಧ ದಾರಿ ಮಾತ್ರ ತೆರೆದಿರುತ್ತದೆ. ಇದೇ ಮೂರನೇ ಬಗೆ. ಎಚ್610 ಬೋರ್ಡಿನಲ್ಲಿ ಎರಡೇ ಸ್ಲಾಟ್ ಇರುವುದರಿಂದ ಮುಂದೆ ಹೆಚ್ಚಿಸಬೇಕಾದರೆ ಕಡ್ಡಿಗಳನ್ನೇ ಬದಲಿಸಬೇಕಾಗುತ್ತದೆ ಎಂಬುದೂ ಗೊತ್ತಿರಲಿ. ನಾಲ್ಕು ಸ್ಲಾಟಿನ ಬೋರ್ಡಾದರೆ ಎರಡು ಕಡ್ಡಿಗಳನ್ನು ಸಾಮಾನ್ಯವಾಗಿ ಪ್ರೊಸೆಸರಿನಿಂದ ಎರಡನೆಯ ಮತ್ತು ನಾಲ್ಕನೆಯ ಸ್ಲಾಟಿಗೆ ಹಾಕುತ್ತಾರೆ. ಕೈಪಿಡಿ ನೋಡಿ ಖಚಿತಪಡಿಸಿಕೊಳ್ಳಿ.

ಎಂ.2 ಎಂಬ ಆಕಾರ

ಎಂ.2 ಎಂಬುದು ಆಕಾರದ ಹೆಸರು, ವೇಗದ ಹೆಸರಲ್ಲ. 2280 ಎಂದರೆ 22 ಮಿಲಿಮೀಟರ್ ಅಗಲ, 80 ಮಿಲಿಮೀಟರ್ ಉದ್ದ. ಆ ಆಕಾರದೊಳಗೆ ಸಾಟಾ ಎಸ್‌ಎಸ್‌ಡಿಯೂ ಇರಬಹುದು, ಎನ್‌ವಿಎಂಇ ಎಸ್‌ಎಸ್‌ಡಿಯೂ ಇರಬಹುದು. ವಿದ್ಯಾರ್ಥಿನಿ ಆರಿಸಿದ ಬೋರ್ಡಿನ ಕೈಪಿಡಿಯಲ್ಲಿ ಎಂ.2 ಸ್ಲಾಟಿನ ಎದುರು ಪಿಸಿಐಇ ಎಂದಷ್ಟೇ ಇತ್ತು, ಸಾಟಾ ಎಂದು ಇರಲಿಲ್ಲ. ಅವಳ ಎಸ್‌ಎಸ್‌ಡಿ ಅಲ್ಲಿ ಅಂದವಾಗಿ ಕೂರುತ್ತಿತ್ತು, ಸ್ಕ್ರೂ ಕೂಡ ಬೀಳುತ್ತಿತ್ತು, ಆದರೆ ಕಂಪ್ಯೂಟರಿಗೆ ಕಾಣುತ್ತಿರಲಿಲ್ಲ. ಎರಡನೇ ಬಗೆಗೆ ಇದಕ್ಕಿಂತ ಒಳ್ಳೆಯ ಉದಾಹರಣೆ ಇಲ್ಲ. ಎನ್‌ವಿಎಂಇ ತೆಗೆದುಕೊಂಡರೆ ಸಮಸ್ಯೆ ಮುಗಿಯಿತು. ಸಾಟಾದ ವೇಗ ಸೆಕೆಂಡಿಗೆ ಸುಮಾರು 550 ಎಂಬಿಗೆ ನಿಂತರೆ, ಪಿಸಿಐಇ 3.0ರ ನಾಲ್ಕು ಲೇನ್ ಬಳಸುವ ಒಳ್ಳೆಯ ಎನ್‌ವಿಎಂಇ ಸುಮಾರು 3500 ಎಂಬಿವರೆಗೆ ಓದಬಲ್ಲದು.

ವಿದ್ಯುತ್ತಿನ ಲೆಕ್ಕ

ಎಸ್‌ಎಂಪಿಎಸ್ ಆರಿಸಲು ಭೌತಶಾಸ್ತ್ರದ ಒಂದು ಸೂತ್ರ ಸಾಕು: ವೋಲ್ಟ್ ಗುಣಿಸು ಆಂಪಿಯರ್ ಅಂದರೆ ವಾಟ್. ಹಳೆಯ ಎಸ್‌ಎಂಪಿಎಸ್‌ನ ಮೇಲೆ ದೊಡ್ಡ ಅಕ್ಷರದಲ್ಲಿ 450 ಎಂದಿತ್ತು. ಪಕ್ಕದ ಲೇಬಲ್‌ನಲ್ಲಿ 12 ವೋಲ್ಟ್ ಸಾಲಿನ ಎದುರು 16 ಆಂಪಿಯರ್. 12×16=192 ವಾಟ್. ಇಂದಿನ ಪ್ರೊಸೆಸರ್ ಮತ್ತು ಗ್ರಾಫಿಕ್ಸ್ ಕಾರ್ಡ್ ಬಹುಪಾಲು ವಿದ್ಯುತ್ ಪಡೆಯುವುದು ಈ 12 ವೋಲ್ಟ್ ಸಾಲಿನಿಂದಲೇ. ಆದ್ದರಿಂದ ದೊಡ್ಡ ಅಕ್ಷರ ಬಿಟ್ಟು ಲೇಬಲ್ ಓದಿ.

ಐ3-12100 ಗರಿಷ್ಠ 89 ವಾಟ್ ಎಳೆಯುತ್ತದೆ. ಉಳಿದ ಭಾಗಗಳಿಗೆ 50 ವಾಟ್ ಇಟ್ಟುಕೊಂಡರೂ 140ರ ಒಳಗೇ. ಲೆಕ್ಕದಲ್ಲಿ ಹಳೆಯದು ಹೇಗೋ ಸಾಲುತ್ತದೆ. ಆದರೂ ಬೇಡವೆಂದೆ. ಹತ್ತು ವರ್ಷ ದುಡಿದ ಎಸ್‌ಎಂಪಿಎಸ್‌ನ ಕೆಪಾಸಿಟರುಗಳು ಸೊರಗಿರುತ್ತವೆ. ಅದು ಕೆಡುವಾಗ ಒಂದೇ ಕೆಡುತ್ತದೆ ಎಂಬ ಭರವಸೆ ಇಲ್ಲ, ಹೊಸ ಬೋರ್ಡನ್ನೂ ಜೊತೆಗೆ ಕರೆದೊಯ್ಯಬಹುದು. ಪಟ್ಟಿಯಲ್ಲಿ ಬೇರೆಲ್ಲಾದರೂ ಉಳಿಸಿ, ಇಲ್ಲಿ ಬೇಡ. 80 ಪ್ಲಸ್ ಗುರುತಿರುವ ಹೆಸರಾಂತ ತಯಾರಿಕೆಯ 450 ವಾಟ್ ಘಟಕ ಇಂಥ ಕಂಪ್ಯೂಟರಿಗೆ ಸಾಕು.

ಮುಂದೆ ಗ್ರಾಫಿಕ್ಸ್ ಕಾರ್ಡ್ ಹಾಕುವ ಆಸೆ ಇದ್ದರೆ ಈ ಸಂಖ್ಯೆಗಳು ನೆನಪಿರಲಿ. ಬೋರ್ಡಿನ ಸ್ಲಾಟ್ ಕೊಡುವುದು 75 ವಾಟ್, 6 ಪಿನ್ ವೈರ್ ಇನ್ನೊಂದು 75, 8 ಪಿನ್ ವೈರ್ 150. 170 ವಾಟ್‌ನ ಆರ್‌ಟಿಎಕ್ಸ್ 3060ಕ್ಕೆ ಎನ್‌ವಿಡಿಯಾ ಸೂಚಿಸುವುದು 550 ವಾಟ್ ಎಸ್‌ಎಂಪಿಎಸ್. ಪ್ರೊಸೆಸರಿನ 8 ಪಿನ್ ಮತ್ತು ಕಾರ್ಡಿನ 8 ಪಿನ್ ನೋಡಲು ಅಣ್ಣತಮ್ಮಂದಿರಂತಿದ್ದರೂ ಒಳಗಿನ ಧನ-ಋಣ ತಂತಿಗಳ ಜಾಗ ಬೇರೆ. ಕಳಚಬಹುದಾದ ವೈರುಗಳಿರುವ ಎಸ್‌ಎಂಪಿಎಸ್‌ಗೆ ಬೇರೆ ಕಂಪನಿಯ ವೈರನ್ನು ಎಂದೂ ಹಾಕಬೇಡಿ. ತುದಿಗಳು ಕೂತರೂ ಒಳಜೋಡಣೆ ಒಂದೇ ಇರಬೇಕೆಂದಿಲ್ಲ, ಭಾಗಗಳು ಸುಟ್ಟುಹೋಗಬಹುದು.

ಯುಪಿಎಸ್ ಕೊಳ್ಳುವಾಗ ವಿಎ ಮತ್ತು ವಾಟ್ ಬೇರೆ ಎಂಬುದು ಎಸಿ ಸರ್ಕ್ಯೂಟ್ ಅಧ್ಯಾಯದ ಪವರ್ ಫ್ಯಾಕ್ಟರ್ ಪಾಠದಲ್ಲಿದೆ. 600 ವಿಎ ಯುಪಿಎಸ್‌ನ ಪವರ್ ಫ್ಯಾಕ್ಟರ್ 0.6 ಆದರೆ ಅದು ಹೊರುವುದು 360 ವಾಟ್. ಮೂರು ಪಿನ್ ಪ್ಲಗ್‌ನ ಅರ್ಥಿಂಗ್ ಸರಿ ಇದೆಯೇ ಎಂದು ಎಲೆಕ್ಟ್ರಿಷಿಯನ್‌ರಿಂದ ಪರೀಕ್ಷಿಸಿಕೊಳ್ಳಿ.

ಕ್ಯಾಬಿನೆಟ್ ಮತ್ತು ಮಾನಿಟರ್

ಇಲ್ಲಿ ಸಂತೋಷದ ಸುದ್ದಿ ಇತ್ತು. ಅವಳ ಹಳೆಯ ಕ್ಯಾಬಿನೆಟ್ ಎಟಿಎಕ್ಸ್ ಮಾನದಂಡದ್ದು. ಹೊಸ ಮೈಕ್ರೊ ಎಟಿಎಕ್ಸ್ ಬೋರ್ಡಿನ ಗರಿಷ್ಠ ಅಳತೆ 244×244 ಮಿಲಿಮೀಟರ್, ಪೂರ್ಣ ಎಟಿಎಕ್ಸ್ 305×244. ಚಿಕ್ಕದರ ಸ್ಕ್ರೂ ತೂತುಗಳು ದೊಡ್ಡದರ ಕ್ಯಾಬಿನೆಟ್ಟಿನಲ್ಲೂ ಹೊಂದುತ್ತವೆ. 1995ರ ಒಪ್ಪಂದ ಇಂದಿಗೂ ಒಂದು ಮನೆಯ ಹಣ ಉಳಿಸಿತು. ಬೋರ್ಡ್ ಇಡುವ ಮೊದಲು ಕೆಳಗಿನ ಹಿತ್ತಾಳೆ ಸ್ಟಾಂಡ್‌ಆಫ್‌ಗಳನ್ನು ಎಣಿಸಿ. ತೂತಿಲ್ಲದ ಕಡೆ ಒಂದು ಉಳಿದರೆ ಬೋರ್ಡಿನ ಬೆನ್ನಿಗೆ ತಾಗಿ ಶಾರ್ಟ್ ಆಗಬಹುದು. ಕಂಪನಿಗಳೇ ಜೋಡಿಸಿ ಮಾರುವ ಕೆಲವು ಕಂಪ್ಯೂಟರುಗಳ ಕ್ಯಾಬಿನೆಟ್ ತಮ್ಮದೇ ಆಕಾರದಲ್ಲಿರುತ್ತದೆ, ಅದಕ್ಕೆ ಬೇರೆ ಬೋರ್ಡ್ ಕೂರದೆ ಇರಬಹುದು.

ಮಾನಿಟರ್ ವಿಜಿಎ ಮಾತ್ರ ಬಲ್ಲದು. ಆದ್ದರಿಂದ ಹಿಂಬದಿಯಲ್ಲಿ ವಿಜಿಎ ಕಿಂಡಿ ಇರುವ ಎಚ್610 ಬೋರ್ಡನ್ನೇ ಆರಿಸಿದೆವು. ಎಚ್‌ಡಿಎಂಐ ಡಿಜಿಟಲ್, ವಿಜಿಎ ಅನಲಾಗ್. ನಡುವೆ ಬರಿಯ ವೈರ್ ಸಾಲದು, ಸಂಕೇತವನ್ನು ಬದಲಿಸುವ ಪರಿವರ್ತಕ ಬೇಕು.

ತಿದ್ದಿದ ಪಟ್ಟಿ

ಕೊನೆಗೆ ಉಳಿದದ್ದು ಇಷ್ಟು: ಐ3-12100 ಡಬ್ಬಿ ಸಮೇತ, ವಿಜಿಎ ಇರುವ ಎಚ್610 ಡಿಡಿಆರ್4 ಬೋರ್ಡ್, 8 ಜಿಬಿಯ ಎರಡು ಡಿಡಿಆರ್4-3200 ಕಡ್ಡಿ, 500 ಜಿಬಿ ಎನ್‌ವಿಎಂಇ, ಹೊಸ 450 ವಾಟ್ ಎಸ್‌ಎಂಪಿಎಸ್, ಹಳೆಯ ಕ್ಯಾಬಿನೆಟ್ ಮತ್ತು ಮಾನಿಟರ್. ಇದೇ ಕೆಲಸಕ್ಕೆ ರೈಜೆನ್ 5 5600ಜಿ ಮತ್ತು ಬಯೋಸ್ ಖಚಿತಪಡಿಸಿಕೊಂಡ ಎಎಂ4 ಬೋರ್ಡ್ ಕೂಡ ಸರಿಯಾದ ಜೋಡಿ, ಅದರಲ್ಲಿ ಆರು ಕೋರ್‌ಗಳಿವೆ. ಬೆಲೆಗಳನ್ನು ಇಲ್ಲಿ ಬರೆದಿಲ್ಲ. ಅವು ವಾರವಾರ ಏರಿಳಿಯುತ್ತವೆ, ಒಪ್ಪಂದಗಳು ಹಾಗೆ ಬದಲಾಗುವುದಿಲ್ಲ.

ಹಳೆಯ ಭಾಗ ಕೊಳ್ಳುವವರಿಗೆ

ಬೆಂಗಳೂರಿನ ಎಸ್.ಪಿ. ರಸ್ತೆಗೆ ಹೋಗಿ ಬಳಸಿದ ಭಾಗ ತರುವವರೂ ನಮ್ಮಲ್ಲಿದ್ದಾರೆ. ತಪ್ಪೇನಿಲ್ಲ, ಆದರೆ ಎರಡು ವಿಷಯ ನೋಡಿ. ವಿಂಡೋಸ್ 10ರ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ವಿಂಡೋಸ್ 11ಕ್ಕೆ ಟಿಪಿಎಂ 2.0 ಬೇಕು, ಕೆಲವೇ ಅಪವಾದಗಳನ್ನು ಬಿಟ್ಟರೆ ಇಂಟೆಲ್‌ನ 8ನೇ ತಲೆಮಾರು ಅಥವಾ ನಂತರದ ಪ್ರೊಸೆಸರೇ ಬೇಕು. ಅದಕ್ಕಿಂತ ಹಳೆಯದಾದರೆ ಲಿನಕ್ಸ್ ಹಾಕಿ, ನಮ್ಮ ಪಾಠಗಳಿಗೆ ಅದು ಚೆನ್ನಾಗಿಯೇ ಸಾಲುತ್ತದೆ. ಎರಡನೆಯದು, ಎಲ್‌ಜಿಎ ಬೋರ್ಡುಗಳಲ್ಲಿ ಪಿನ್‌ಗಳು ಇರುವುದು ಸಾಕೆಟ್ಟಿನಲ್ಲಿ. ಮುಚ್ಚಳ ತೆಗೆಸಿ ಬೆಳಕಿಗೆ ಹಿಡಿದು ನೋಡಿ. ಒಂದು ಪಿನ್ ಬಾಗಿದ್ದರೂ ಕೊಳ್ಳಬೇಡಿ.

ಹೊರಡುವ ಮುನ್ನ

ಕಾಗದದ ಮೇಲೆ ಈ ಏಳು ಸಾಲುಗಳಿಗೆ ಉತ್ತರ ಬರೆದುಕೊಳ್ಳಿ:

1. ಪ್ರೊಸೆಸರ್ ಮತ್ತು ಬೋರ್ಡಿನ ಸಾಕೆಟ್ ಒಂದೇ ಆಗಿದೆಯೇ?
2. ಬೋರ್ಡಿನ ಬೆಂಬಲ ಪಟ್ಟಿಯಲ್ಲಿ ನನ್ನ ಪ್ರೊಸೆಸರ್ ಇದೆಯೇ? ಯಾವ ಬಯೋಸ್‌ನಿಂದ?
3. ಚಿತ್ರ ಎಲ್ಲಿಂದ ಬರುತ್ತದೆ? ಮಾನಿಟರಿಗೆ ಸರಿಯಾದ ಕಿಂಡಿ ಇದೆಯೇ?
4. ಮೆಮೊರಿಯ ತಲೆಮಾರು ಬೋರ್ಡಿನದೇ ಆಗಿದೆಯೇ? ಕಡ್ಡಿಗಳು ಎಷ್ಟು?
5. ಎಂ.2 ಸ್ಲಾಟ್ ಒಪ್ಪುವುದು ಎನ್‌ವಿಎಂಇಯೋ, ಸಾಟಾವೋ, ಎರಡೂವೋ?
6. 12 ವೋಲ್ಟ್ ಸಾಲಿನ ವಾಟ್ ಎಷ್ಟು? ಬೇಕಾದ ಕನೆಕ್ಟರುಗಳು ಇವೆಯೇ?
7. ಬೋರ್ಡ್, ಫ್ಯಾನಿನ ಎತ್ತರ, ಕಾರ್ಡಿನ ಉದ್ದ ಕ್ಯಾಬಿನೆಟ್ಟಿನಲ್ಲಿ ಹಿಡಿಸುತ್ತವೆಯೇ?

ಏಳರಲ್ಲಿ ಒಂದಕ್ಕೆ "ಗೊತ್ತಿಲ್ಲ" ಎಂಬ ಉತ್ತರವಿದ್ದರೂ ಅಂದು ಅಂಗಡಿಗೆ ಹೋಗಬೇಡಿ. ಅಂಗಡಿಯವರು "ಅದಿಲ್ಲ, ಇದು ತಗೊಳ್ಳಿ, ಎರಡೂ ಒಂದೇ" ಎಂದರೆ ಏಳೂ ಸಾಲುಗಳನ್ನು ಮತ್ತೆ ಓದಿ, ಮಾದರಿಯ ಪೂರ್ಣ ಹೆಸರು ಕೊನೆಯ ಅಕ್ಷರದವರೆಗೆ ಬಿಲ್ಲಿನಲ್ಲಿ ಬರೆಸಿಕೊಳ್ಳಿ. ಮನೆಯವರು ಕೊಟ್ಟ ಹಣ ನಿಮ್ಮ ಕೈಯಲ್ಲಿರುವ ಅಮಾನತ್. ಅದಕ್ಕೆ ಲೆಕ್ಕ ಕೊಡುವ ದಾರಿ ಈ ಕಾಗದವೇ.

ಪಟ್ಟಿ ಸಿದ್ಧವಿರುವವರು ಶನಿವಾರ ತರಗತಿ ಮುಗಿದ ಮೇಲೆ ಲ್ಯಾಬಿಗೆ ತನ್ನಿ. ನಾನೊಬ್ಬನೇ ನೋಡುವುದಿಲ್ಲ. ಒಬ್ಬರ ಪಟ್ಟಿಯನ್ನು ಇನ್ನೊಬ್ಬರು ಪರೀಕ್ಷಿಸಲಿ, ತಪ್ಪು ಕಂಡರೆ ಪೆನ್ಸಿಲ್‌ನಲ್ಲಿ ತಿದ್ದೋಣ. ಕಾಗದದ ಮೇಲೆ ತಿದ್ದಲು ದುಡ್ಡು ಬೇಕಿಲ್ಲ.